ಕೈ ನಿಂತಿದೆ, ಸ್ವರ ಏರುತ್ತಿದೆ: ಆಪ್ರಿ ಟಿವಿಯಲ್ಲಿ ವೆಲ್ಡನ್ ಮೈರಿಕ್ ಅವರ ಸ್ಟೀಲ್ ಗಿಟಾರ್

ಸಂಜೆರಾಗ

ನಿನ್ನೆ ರಾತ್ರಿ ಊಟ ಮುಗಿಸಿ ಸುಮ್ನೆ ಯೂಟ್ಯೂಬ್ ನೋಡ್ತಾ ಕೂತಿದ್ದೆ. ಅಮೆರಿಕದ ನ್ಯಾಶ್ವಿಲ್‌ನಲ್ಲಿ ನಡೆಯುವ ಕಂಟ್ರಿ ಸಂಗೀತದ ಕಾರ್ಯಕ್ರಮ ಗ್ರ್ಯಾಂಡ್ ಓಲ್ ಆಪ್ರಿಯ ಹಳೇ ಟಿವಿ ಪ್ರಸಾರದ ಒಂದು ತುಣುಕು ಸಿಕ್ಕಿತು. ಕಾನಿ ಸ್ಮಿತ್ ಹಾಡುತ್ತಿದ್ದರು, 'ವನ್ಸ್ ಎ ಡೇ'. ಹಾಡು ಗೊತ್ತಿಲ್ಲದವರಿಗೆ: ಬಿಲ್ ಆಂಡರ್ಸನ್ ಬರೆದದ್ದು, 1964ರಲ್ಲಿ ಬಂತು, ಅಮೆರಿಕದ ಕಂಟ್ರಿ ಪಟ್ಟಿಯಲ್ಲಿ ಎಂಟು ವಾರ ಮೊದಲ ಸ್ಥಾನದಲ್ಲಿತ್ತು. ಕಾನಿ ಸ್ಮಿತ್ ಅವರ ಮೊಟ್ಟಮೊದಲ ರೆಕಾರ್ಡ್ ಅದು. ಬಿಟ್ಟುಹೋದವನಿಗಾಗಿ ನಾನು ದಿನಕ್ಕೆ ಒಂದೇ ಸಲ ಅಳೋದು ಅಂತ ಶುರುವಾಗುತ್ತದೆ, ಆ ಒಂದು ಸಲ ಅಂದರೆ ಬೆಳಗಿಂದ ರಾತ್ರಿವರೆಗೆ ಅಂತ ಆಮೇಲೆ ಗೊತ್ತಾಗುತ್ತದೆ.

ನಾನು ಹಾಡು ಕೇಳೋಕೆ ಅಂತಲೇ ಹಾಕಿದ್ದು. ಆದರೆ ಹಾಡು ಶುರುವಾಗುವ ಮೊದಲೇ ಹಿಂದೆ ಕೂತಿದ್ದ ಒಬ್ಬರು ನನ್ನನ್ನು ಹಿಡಿದುಬಿಟ್ಟರು. ಇಸ್ತ್ರಿ ಮಾಡುವ ಮೇಜಿನ ಥರ ಒಂದು ವಾದ್ಯ ಮುಂದೆ. ತಲೆ ಬಗ್ಗಿಸಿ ಕೂತಿದ್ದಾರೆ, ಬ್ಯಾಂಕಿನಲ್ಲಿ ಲೆಕ್ಕ ಬರೆಯುವವರ ಹಾಗೆ. ಮುಖದಲ್ಲಿ ಏನೂ ಇಲ್ಲ. ಆ ವಾದ್ಯದಿಂದ ಬಂದ ನಾಲ್ಕು ಸ್ವರ ಮಾತ್ರ ನೇರ ಎದೆಗೇ ಬಂತು. ಹೆಸರು ವೆಲ್ಡನ್ ಮೈರಿಕ್. 1964ರ ಮೂಲ ರೆಕಾರ್ಡಿನಲ್ಲೂ ನುಡಿಸಿದ್ದು ಅವರೇ ಅಂತ ಆಮೇಲೆ ಗೊತ್ತಾಯಿತು.

ಈಗ ನನ್ನ ಪ್ರಶ್ನೆ. ಕ್ಯಾಮೆರಾ ಅವರ ಕೈ ತೋರಿಸಿದ್ದು ಒಟ್ಟು ಹನ್ನೊಂದು ಸೆಕೆಂಡು, ನಾನು ಎಣಿಸಿದ್ದೇನೆ. ಅದರಲ್ಲಿ ಒಂದು ಕಡೆ ಎಡಗೈಯ ಉಕ್ಕಿನ ಸರಳು ತಂತಿಯ ಮೇಲೆ ನಿಂತೇ ಇದೆ, ಅಲ್ಲಾಡುತ್ತಿಲ್ಲ. ಆದರೂ ಸ್ವರ ಮೇಲಕ್ಕೆ ಏರುತ್ತಿದೆ! ಮೂರು ಸಲ ಹಿಂದಕ್ಕೆ ಎಳೆದು ನೋಡಿದೆ. ಕೈ ನಿಂತಿದೆ, ಸ್ವರ ಏರುತ್ತಿದೆ. ಇದು ಹೇಗೆ? ಗೊತ್ತಿದ್ದವರು ಹೇಳಿ.

ಹತ್ತುತಂತಿ

ಅಬ್ಬಾ, ಕನ್ನಡದಲ್ಲಿ ಯಾರಾದರೂ ಇದನ್ನು ಕೇಳ್ತಾರೆ ಅಂತ ಮೂರು ವರ್ಷದಿಂದ ಕಾಯ್ತಿದ್ದೆ.

ಅದು ಪೆಡಲ್ ಸ್ಟೀಲ್ ಗಿಟಾರ್. ನೀವು ನೋಡಿದ್ದು ಅರ್ಧ ವಾದ್ಯ ಮಾತ್ರ. ಇನ್ನರ್ಧ ಕೆಳಗಿದೆ. ಎಡಗಾಲಿನ ಕೆಳಗೆ ಮೂರು ಪೆಡಲ್. ಎರಡೂ ಮಂಡಿಗಳ ಪಕ್ಕ ಲಿವರ್‌ಗಳು. ಬಲಗಾಲಿನ ಕೆಳಗೆ ಧ್ವನಿ ಏರಿಳಿಸುವ ಇನ್ನೊಂದು ಪೆಡಲ್. ಒಂದೊಂದು ಪೆಡಲಿನಿಂದಲೂ ಕಬ್ಬಿಣದ ಸರಳು ಮೇಲೆ ಹೋಗಿ, ವಾದ್ಯದ ಹೊಟ್ಟೆಯೊಳಗೆ ತೆಳು ಕಡ್ಡಿಗಳ ಮೂಲಕ ತಂತಿಯ ತುದಿಗೆ ಸೇರುತ್ತದೆ. ಒತ್ತಿದರೆ ಆ ತಂತಿ ಮಾತ್ರ ಬಿಗಿಯಾಗುತ್ತದೆ. ಬಿಟ್ಟರೆ ಮೊದಲಿನ ಜಾಗಕ್ಕೆ ಬರುತ್ತದೆ.

ಸರಿಗಮದಲ್ಲಿ ಹೇಳಿದರೆ ಸುಲಭ. ನ್ಯಾಶ್ವಿಲ್‌ನಲ್ಲಿ ಎಲ್ಲರೂ ಬಳಸುವ ಶ್ರುತಿಗೆ ಇ-9 ಅಂತ ಹೆಸರು, ಹತ್ತು ತಂತಿ. ಸರಳು ಒಂದು ಕಡೆ ಇಟ್ಟು ಮೀಟಿದರೆ ಸ, ಗ, ಪ ಒಟ್ಟಿಗೆ ಬರುತ್ತವೆ ಅಂತಿಟ್ಟುಕೊಳ್ಳಿ. ಈಗ ಕೈ ಅಲ್ಲಾಡಿಸದೆ ಮೊದಲೆರಡು ಪೆಡಲ್ ಒತ್ತಿ. ಸ ಅಲ್ಲೇ ನಿಲ್ಲುತ್ತದೆ. ಗ ಜಾರಿ ಮ ಆಗುತ್ತದೆ. ಪ ಜಾರಿ ದ ಆಗುತ್ತದೆ. ಒಂದೇ ಉಸಿರಿನಲ್ಲಿ, ತಂತಿ ಮೊಳಗುತ್ತಿರುವಾಗಲೇ. ನಿಮ್ಮ ಎದೆಗೆ ಬಂದದ್ದು ಇದೇ.

ಟಿವಿಯವರು ಕಾಲು ತೋರಿಸುವುದೇ ಇಲ್ಲ. ಮಂಡಿಯಂತೂ ಕೇಳಲೇಬೇಡಿ. ನಾನು ನೂರಾರು ತುಣುಕು ನೋಡಿದ್ದೇನೆ. ಹಾಡುಗಾರರ ಮುಖ, ಫಿಡಲ್ ಬಿಲ್ಲು, ಚಪ್ಪಾಳೆ ತಟ್ಟುವ ಜನ, ಆಮೇಲೆ ಸ್ಟೀಲ್ ನುಡಿಸುವವರ ಕೈ ನಾಲ್ಕು ಸೆಕೆಂಡು. ಕೆಲಸ ನಡೆಯುವ ಜಾಗ ಕತ್ತಲು.

ಕೊಂಕುಮಾತು

ಬೇಜಾರಾಗಬೇಡಿ, ನನಗೆ ಇದು ಮುಚ್ಚಿದ ಬಾಗಿಲ ಹಿಂದೆ ಬೆಕ್ಕು ಕೂಗಿದ ಹಾಗೆ ಕೇಳುತ್ತದೆ. ಎರಡು ನಿಮಿಷಕ್ಕೇ ಸಾಕಾಯ್ತು.

ಸಂಜೆರಾಗ

@ಕೊಂಕುಮಾತು ನೀವು ಇನ್ನೊಂದು ನಿಮಿಷ ತಾಳಿದ್ದರೆ ಬೆಕ್ಕು ಒಳಗೆ ಬರ್ತಿತ್ತು 😀

@ಹತ್ತುತಂತಿ ಓದಿ ಮತ್ತೆ ಕೇಳಿದೆ. ಈಗ ಬೇರೆಯೇ ಥರ ಕೇಳ್ತಿದೆ. ಸ ನಿಂತಿರೋದು ಗೊತ್ತಾಗ್ತಿದೆ. ಅದು ನಿಂತಿರೋದರಿಂದಲೇ ಪಕ್ಕದ್ದು ಜಾರೋದು ನೋವಾಗೋದು, ಅಲ್ವಾ?

ವೀಣೆ_ಅಕ್ಕ

ಅಲ್ಲೇ ಇರೋದು ವ್ಯತ್ಯಾಸ. ನಾನು ಹದಿನಾಲ್ಕು ವರ್ಷ ವೀಣೆ ಕಲಿತವಳು, ಗೋಟುವಾದ್ಯವನ್ನೂ ಸ್ವಲ್ಪ ಹತ್ತಿರದಿಂದ ಕಂಡಿದ್ದೇನೆ. ನಮ್ಮ ಗೋಟುವಾದ್ಯಕ್ಕೂ ವೀಣೆಗಿರುವ ಹಾಗೆ ಸ್ವರದ ಮೆಟ್ಟಿಲುಗಳಿಲ್ಲ. ಎಡಗೈಯಲ್ಲಿ ಮರದ ತುಂಡು ಹಿಡಿದು ತಂತಿಯ ಮೇಲೆ ಜಾರಿಸುವುದು. ಗಮಕ ಎಲ್ಲ ಆ ಕೈಯಲ್ಲೇ. ಹಾಗಾಗಿ ಸ್ಟೀಲ್ ಗಿಟಾರ್ ಮೊದಲ ಸಲ ನೋಡಿದಾಗ ಇದೇನು ಹೊಸದು ಅನ್ನಿಸಿತ್ತು.

ಆದರೆ ತುಂಡು ಜಾರಿಸಿದರೆ ಅದರ ಕೆಳಗಿರುವ ತಂತಿಗಳೆಲ್ಲ ಒಟ್ಟಿಗೆ ಜಾರುತ್ತವೆ. ನಮಗೆ ಅದು ತೊಂದರೆ ಅಲ್ಲ, ನಾವು ನುಡಿಸೋದು ಒಂದೇ ಎಳೆ. ಅವರಿಗೆ ಮೂರು ಸ್ವರ ಒಟ್ಟಿಗೆ ಬೇಕು, ಅದರಲ್ಲಿ ಒಂದು ನಿಲ್ಲಬೇಕು, ಎರಡು ನಡೆಯಬೇಕು. ಕೈಯಿಂದ ಆಗೋದಲ್ಲ. ಅದಕ್ಕೇ ಕಾಲು ಬಂತು.

ಕೊಂಕುಮಾತು ಅವರ ಬೆಕ್ಕಿನ ವಿಷಯ: ಸರಳನ್ನು ಗಡಗಡ ಅಲ್ಲಾಡಿಸುವವರು ಇದ್ದಾರೆ, ಅದು ನನಗೂ ಆಗಿಬರಲ್ಲ. ಮೈರಿಕ್ ಹಾಗಲ್ಲ. ಸ್ವರ ಮುಟ್ಟಿ, ಅದು ಸರಿಯಾಗಿ ಕೂತಿದೆ ಅಂತ ಖಾತ್ರಿಯಾದ ಮೇಲೆ ಸ್ವಲ್ಪ ಅಲುಗಿಸುತ್ತಾರೆ. ನಮ್ಮ ಮೇಷ್ಟ್ರು ಬೈಯುತ್ತಿದ್ದದ್ದೂ ಇದಕ್ಕೇ. "ಮೊದಲು ಮನೆಗೆ ಹೋಗು, ಆಮೇಲೆ ಕಿಟಕಿ ತೆಗಿ" ಅನ್ನೋರು.

ಖಣದಮಗ್ಗ

ಗಿಟಾರ್ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಆದರೆ ಹತ್ತುತಂತಿ ಬರೆದದ್ದು ಓದಿ ಸುಮ್ಮನಿರಲು ಆಗಲಿಲ್ಲ.

ನಮ್ಮದು ಗುಳೇದಗುಡ್ಡ. ಅಪ್ಪ ನಲವತ್ತು ವರ್ಷ ಖಣ ನೇಯ್ದವರು. ಕುಣಿಮಗ್ಗ. ನೆಲದಲ್ಲಿ ತಗ್ಗು ತೋಡಿ ಅದರಲ್ಲಿ ಕಾಲು ಇಳಿಬಿಟ್ಟು ಕೂಡಬೇಕು. ಕಾಲ ಕೆಳಗೆ ಹಲಗೆ. ಒಂದು ಹಲಗೆ ತುಳಿದರೆ ಹಾಸಿನ ಎಳೆಗಳಲ್ಲಿ ಕೆಲವು ಏಳುತ್ತವೆ, ಉಳಿದವು ಅಲ್ಲೇ ನಿಲ್ಲುತ್ತವೆ. ನಡುವೆ ಬಾಯಿ ತೆರೆದ ಹಾಗೆ ಆಗುತ್ತದೆ, ಅದರೊಳಗೆ ಲಾಳಿ ಓಡಬೇಕು. ಕಾಲು ಸ್ವಲ್ಪ ಮುಂಚೆ ಬಂದರೂ ತಪ್ಪು, ತಡವಾದರೂ ತಪ್ಪು.

ಮನೆಗೆ ಫೋಟೋ ತೆಗೆಯೋಕೆ ಬರೋರೆಲ್ಲ ಅಪ್ಪನ ಕೈ, ಬಣ್ಣದ ನೂಲು, ಲಾಳಿ ತೆಗೆದುಕೊಂಡು ಹೋಗುತ್ತಾರೆ. ಕುಣಿಯೊಳಗೆ ಬಗ್ಗಿ ನೋಡಿದವರನ್ನು ನಾನು ಕಂಡಿಲ್ಲ. ಅಪ್ಪನ ಮಂಡಿ ಹೋಗಿದ್ದು ಅಲ್ಲೇ.

ಹತ್ತುತಂತಿ

@ಖಣದಮಗ್ಗ ಕೆಲವು ಎಳೆ ಏಳುತ್ತವೆ, ಉಳಿದವು ನಿಲ್ಲುತ್ತವೆ. ಸರ್, ನಾನು ಎರಡು ಪ್ಯಾರಾ ಬರೆದದ್ದನ್ನು ನೀವು ಒಂದು ಸಾಲಲ್ಲಿ ಮುಗಿಸಿಬಿಟ್ಟಿರಿ.

ಕೊಂಕುಮಾತು

ಸರಿ, ಬೆಕ್ಕಿನ ಮಾತು ವಾಪಸ್. ಆದರೆ ಇನ್ನೊಂದು ಅನುಮಾನ. ಇದು ನಿಜಕ್ಕೂ ಲೈವ್ ಏನು? ಹಳೇ ಟಿವಿ ಕಾರ್ಯಕ್ರಮಗಳಲ್ಲಿ ಮೊದಲೇ ರೆಕಾರ್ಡ್ ಮಾಡಿದ್ದನ್ನು ಹಾಕಿ ಬಾಯಿ ಆಡಿಸುತ್ತಿದ್ದರು. ಕೈಗೂ ಸ್ವರಕ್ಕೂ ಹೊಂದದೆ ಇದ್ದರೆ ಕಾರಣ ಪೆಡಲ್ ಅಲ್ಲ, ಟೇಪ್ ಇರಬಹುದು!

ಟೆನೆಸ್ಸಿ_ಕಾವೇರಿ

ಅನುಮಾನ ಸರಿಯಾದದ್ದೇ, ಬೇರೆ ಕಾರ್ಯಕ್ರಮಗಳಿಗೆ. ಆಪ್ರಿಗೆ ಮಾತ್ರ ಹೊಂದಲ್ಲ.

ನಾವು ಇಲ್ಲಿಗೆ ಬಂದು ಹನ್ನೆರಡು ವರ್ಷ ಆಯ್ತು, ಆಪ್ರಿ ಮನೆಯಿಂದ ಅರ್ಧ ಗಂಟೆ ದಾರಿ. ಆಪ್ರಿ ಮೂಲತಃ ರೇಡಿಯೋ ಕಾರ್ಯಕ್ರಮ. 1925ರ ನವೆಂಬರ್ 28ರಂದು ಡಬ್ಲ್ಯುಎಸ್ಎಂ ಕೇಂದ್ರದಲ್ಲಿ ಶುರುವಾಯಿತು, ಈಗಲೂ ಅದೇ ಕೇಂದ್ರದಲ್ಲಿ ಬರುತ್ತದೆ. 1943ರಿಂದ 1974ರವರೆಗೆ ರೈಮನ್ ಸಭಾಂಗಣದಲ್ಲಿ ನಡೆಯಿತು. 1974ರ ಮಾರ್ಚ್‌ನಲ್ಲಿ ಈಗಿನ ಆಪ್ರಿ ಹೌಸ್‌ಗೆ ಹೋಯಿತು. ಹೋಗುವಾಗ ರೈಮನ್ ವೇದಿಕೆಯಿಂದ ಒಂದು ದುಂಡು ಮರದ ತುಂಡು ಕತ್ತರಿಸಿ ಹೊಸ ವೇದಿಕೆಯ ನಡುವೆ ಕೂರಿಸಿದರು. ಹಾಡುವವರು ಅದರ ಮೇಲೇ ನಿಲ್ಲೋದು. 1985ರಿಂದ ಟಿಎನ್ಎನ್ ಚಾನೆಲ್ ಪ್ರತಿ ಶನಿವಾರ ಅರ್ಧ ಗಂಟೆ ನೇರ ಪ್ರಸಾರ ಮಾಡ್ತಿತ್ತು. ಅಂದರೆ ಟಿವಿಗೆ ಹೋಗುವುದೇ ರೇಡಿಯೋಗೂ ಹೋಗ್ತಿದೆ, ಎದುರಿಗೆ ಜನವೂ ಕೂತಿದ್ದಾರೆ. ತಪ್ಪಾದರೆ ತಪ್ಪೇ. ಇನ್ನೊಂದು ಟೇಕ್ ಅನ್ನೋದಿಲ್ಲ.

ಇನ್ನೂ ಒಂದು ವಿಷಯ. ಮೈರಿಕ್ ಯಾರದೋ ಒಬ್ಬರ ತಂಡದವರಾಗಿ ಅಲ್ಲಿ ಕೂತಿರಲಿಲ್ಲ. ಅವರು ಆಪ್ರಿಯ ಮನೆ ತಂಡದವರು. 1966ರಿಂದ ಮೂವತ್ತು ವರ್ಷಕ್ಕೂ ಜಾಸ್ತಿ. ಒಂದೇ ಸಂಜೆಯಲ್ಲಿ ಹಾಡುವವರು ಬರ್ತಾ ಹೋಗ್ತಾ ಇರ್ತಾರೆ, ಮನೆ ತಂಡ ಕೂತಲ್ಲೇ ಕೂತಿರುತ್ತದೆ. ಒಬ್ಬರದ್ದು ಹಳೇ ಶೈಲಿ, ಇನ್ನೊಬ್ಬರದ್ದು ಹೊಸದು, ಮತ್ತೊಬ್ಬರಿಗೆ ಇವತ್ತು ಗಂಟಲು ಸರಿ ಇಲ್ಲ, ಒಂದು ಸ್ವರ ಕೆಳಗೆ ಬೇಕು. ಎಲ್ಲಕ್ಕೂ ತಯಾರು.

ಅದಕ್ಕೆ ಇಲ್ಲಿಯವರು ಒಂದು ಉಪಾಯ ಮಾಡಿಕೊಂಡಿದ್ದಾರೆ. ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಹೆಸರು ಬರೆಯಲ್ಲ, 1, 4, 5 ಅಂತ ಅಂಕಿ ಬರೆಯುತ್ತಾರೆ. ಶ್ರುತಿ ಯಾವುದಾದರೂ ಇರಲಿ, ಚೀಟಿ ಅದೇ. ನನಗೆ ಇದು ಗೊತ್ತಾದ ದಿನ ನಗು ಬಂತು. ನಮ್ಮ ಸಂಗೀತ ಪಾಠದಲ್ಲಿ ಸ, ಮ, ಪ ಅಂದರೂ ಅಷ್ಟೇ ತಾನೇ? ಟೀಚರ್ ಶ್ರುತಿಪೆಟ್ಟಿಗೆ ಏರಿಸಿದರೂ ಇಳಿಸಿದರೂ ಪುಸ್ತಕ ಬದಲಾಗಲ್ಲ. ಈ ಪದ್ಧತಿಯನ್ನು 1950ರ ದಶಕದಲ್ಲಿ ಶುರು ಮಾಡಿದವರು ಜಾರ್ಡನೇರ್ಸ್ ಗಾಯನ ತಂಡದ ನೀಲ್ ಮ್ಯಾಥ್ಯೂಸ್.

ಕೊಂಕುಮಾತು

ಒಪ್ಪಿದೆ. ರೇಡಿಯೋ ಜೊತೆಗೇ ಹೋಗುತ್ತೆ ಅಂದಮೇಲೆ ನನ್ನ ವಾದ ಬಿತ್ತು.

ಹಳೇರೇಡಿಯೋ

ತಡವಾಗಿ ಬಂದೆ. ಎಲ್ಲರೂ ನ್ಯಾಶ್ವಿಲ್ ನ್ಯಾಶ್ವಿಲ್ ಅಂತಿದ್ದೀರಿ, ಹುಟ್ಟಿದ ಮನೆಯನ್ನು ಮರೆಯಬೇಡಿ. ಗಿಟಾರನ್ನು ತೊಡೆ ಮೇಲೆ ಮಲಗಿಸಿ ಉಕ್ಕಿನ ತುಂಡು ಜಾರಿಸುವುದು ಹವಾಯಿ ದ್ವೀಪದ್ದು. 1874ರಲ್ಲಿ ಹುಟ್ಟಿದ ಜೋಸೆಫ್ ಕೆಕುಕು ಅನ್ನುವ ಹುಡುಗ ಶಾಲೆಯಲ್ಲಿದ್ದಾಗ ಇದನ್ನು ರೂಢಿಸಿಕೊಂಡ ಅಂತ ಹೇಳುತ್ತಾರೆ. 1915ರ ಸ್ಯಾನ್ ಫ್ರಾನ್ಸಿಸ್ಕೋ ವಸ್ತುಪ್ರದರ್ಶನದಲ್ಲಿ ಹವಾಯಿ ಸಂಗೀತ ಕೇಳಿದ ಮೇಲೆ ಅಮೆರಿಕಕ್ಕೆ ಅದರ ಹುಚ್ಚು ಹಿಡಿಯಿತು. 1930ರ ದಶಕದ ಶುರುವಿನಲ್ಲಿ ರಿಕನ್‌ಬ್ಯಾಕರ್ ಅವರು ಮಾರಾಟಕ್ಕೆ ತಂದ ಎಲೆಕ್ಟ್ರಿಕ್ ಗಿಟಾರ್ ಕೂಡ ತೊಡೆ ಮೇಲಿಡುವ ಸ್ಟೀಲ್ ಗಿಟಾರೇ. ದುಂಡಗೆ, ಉದ್ದ ಹಿಡಿಕೆ, ಅಲ್ಯೂಮಿನಿಯಂ. ಎಲ್ಲರೂ ಬಾಣಲೆ ಅಂತ ಕರೆದರು.

ನಮ್ಮ ದೇಶಕ್ಕೂ ಅದೇ ಹವಾಯಿಯಿಂದ ಬಂದದ್ದು. 1940ರ ದಶಕದಲ್ಲಿ ಟಾವ್ ಮೋ ಅವರ ಕುಟುಂಬ ಕಲ್ಕತ್ತದಲ್ಲಿ ಇದ್ದು ನುಡಿಸಿತು, ಕಲಿಸಿತು. ಆಮೇಲೆ ವ್ಯಾನ್ ಶಿಪ್ಲೆ, ಸುನಿಲ್ ಗಂಗೂಲಿ ಅವರಂಥವರು ಹಿಂದಿ ಸಿನಿಮಾ ಹಾಡುಗಳನ್ನು ಅದರಲ್ಲಿ ನುಡಿಸಿದರು. ನನ್ನ ವಯಸ್ಸಿನವರಿಗೆ ನೆನಪಿರಬೇಕು: ರೇಡಿಯೋದಲ್ಲಿ ಎರಡು ಕಾರ್ಯಕ್ರಮದ ನಡುವೆ ಸಮಯ ತುಂಬೋಕೆ ಹವಾಯನ್ ಗಿಟಾರ್ ಹಾಕುತ್ತಿದ್ದರು. ನಮ್ಮಮ್ಮ ಅದು ಬಂದ ತಕ್ಷಣ "ವಾರ್ತೆ ಬರೋ ಹೊತ್ತಾಯ್ತು, ಅಕ್ಕಿ ಇಡ್ತೀನಿ" ಅನ್ನೋಳು. ಒಂದು ವಾದ್ಯ ಗಡಿಯಾರ ಆಗಿಬಿಟ್ಟಿತ್ತು!

ಶಾಸ್ತ್ರೀಯಕ್ಕೆ ತಂದವರು ಬ್ರಿಜ್ ಭೂಷಣ್ ಕಾಬ್ರಾ. ಆಮೇಲೆ ವಿಶ್ವಮೋಹನ್ ಭಟ್, ರೈ ಕೂಡರ್ ಜೊತೆ ಮಾಡಿದ ಆಲ್ಬಂಗೆ 1994ರಲ್ಲಿ ಗ್ರ್ಯಾಮಿ. ನಮ್ಮ ಬೆಂಗಳೂರಿನಲ್ಲೇ ಪ್ರಕಾಶ್ ಸೊಂಟಕ್ಕೆ ಇದ್ದಾರೆ. ಅಂದರೆ ಹವಾಯಿಯಿಂದ ಎರಡು ದಾರಿ ಹೊರಟವು. ಈ ಕಡೆ ಬಂದದ್ದು ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಹಿಡಿಯಿತು. ಆ ಕಡೆ ಹೋದದ್ದಕ್ಕೆ ಕಾಲು ಬಂತು.

ಹತ್ತುತಂತಿ

@ಹಳೇರೇಡಿಯೋ ಅಮ್ಮನ ಅಕ್ಕಿ ಕಥೆ ಚೆನ್ನಾಗಿದೆ.

ಕಾಲು ಬಂದ ಕಥೆಗೆ ಒಂದು ಸೇರಿಸ್ತೀನಿ. ಪೆಡಲ್ ಇರುವ ವಾದ್ಯಗಳು 1940ರ ದಶಕದಲ್ಲೇ ಇದ್ದವು. ಕ್ಯಾಲಿಫೋರ್ನಿಯಾದ ಸ್ಪೀಡಿ ವೆಸ್ಟ್ ಅವರಿಗೆ ಪಾಲ್ ಬಿಗ್ಸ್‌ಬಿ ಒಂದು ಮಾಡಿಕೊಟ್ಟಿದ್ದರು. ಆದರೆ ಬಹಳ ಜನ ಪೆಡಲನ್ನು ಶ್ರುತಿ ಬದಲಿಸೋಕೆ ಮಾತ್ರ ಬಳಸ್ತಿದ್ದರು. ಒತ್ತಿ, ಆಮೇಲೆ ಮೀಟು. 1953ರ ಕೊನೆಯಲ್ಲಿ ವೆಬ್ ಪಿಯರ್ಸ್ ಅವರ 'ಸ್ಲೋಲಿ' ರೆಕಾರ್ಡಿಂಗ್‌ನಲ್ಲಿ ಬಡ್ ಐಸಾಕ್ಸ್ ಉಲ್ಟಾ ಮಾಡಿದರು. ಮೊದಲು ಮೀಟಿ, ತಂತಿ ಇನ್ನೂ ಮೊಳಗುತ್ತಿರುವಾಗ ಪೆಡಲ್ ಒತ್ತಿದರು. ಸ್ವರ ಎಲ್ಲರ ಕಿವಿ ಎದುರೇ ಬಾಗಿತು. ಹಾಡು 1954ರಲ್ಲಿ 17 ವಾರ ಮೊದಲ ಸ್ಥಾನದಲ್ಲಿತ್ತು. ಉಳಿದ ಸ್ಟೀಲ್ ನುಡಿಸುವವರು ಆ ಸದ್ದು ಸಿಗಲಿ ಅಂತ ತಮ್ಮ ವಾದ್ಯಕ್ಕೆ ಏನೇನೋ ಸಿಕ್ಕಿಸಿಕೊಂಡರು.

ಆಮೇಲೆ ಬಂದವರು ಬಡ್ಡಿ ಎಮನ್ಸ್ (1937-2015). ಸ್ಟೀಲ್ ನುಡಿಸುವವರ ಮನೆದೇವರು ಅನ್ನಿ. ಶಾಟ್ ಜ್ಯಾಕ್ಸನ್ ಜೊತೆ ಸೇರಿ ವಾದ್ಯ ಮಾಡುವ ಕಂಪನಿ ತೆಗೆದರು. ಶಾಟ್‌ನ 'ಶೋ', ಬಡ್ಡಿಯ 'ಬಡ್', ಎರಡೂ ಸೇರಿ ಶೋ-ಬಡ್. ಇ-9 ಶ್ರುತಿಗೆ ಮೇಲಿನ ಎರಡು ತಂತಿ ಸೇರಿಸಿದ್ದು ಅವರೇ. ಇವತ್ತಿಗೂ ಪೆಡಲುಗಳ ಕ್ರಮಕ್ಕೆ ಎಮನ್ಸ್ ಕ್ರಮ ಅಂತಲೇ ಹೆಸರು. ಇದರ ಉಲ್ಟಾ ಕ್ರಮಕ್ಕೆ ಜಿಮ್ಮಿ ಡೇ ಹೆಸರು. ಎರಡರಲ್ಲಿ ಯಾವುದು ಸರಿ ಅಂತ ಕೇಳಬೇಡಿ, ಇಡ್ಲಿ ಸಾಂಬಾರಲ್ಲಿ ಮುಳುಗಿಸಬೇಕಾ ಬೇಡ್ವಾ ಅನ್ನೋ ಥರದ ಜಗಳ ಅದು.

ಹೊಸಬ_ತುಮಕೂರು

ಇದನ್ನೆಲ್ಲ ಓದಿ ನನಗೂ ಕಲಿಯಬೇಕು ಅನ್ನಿಸ್ತಿದೆ. ಇಲ್ಲಿ ಸಿಗುತ್ತಾ? ಎಷ್ಟಾಗುತ್ತೆ?

ಹತ್ತುತಂತಿ

ತಮ್ಮಾ, ಮೊದಲೇ ಹೇಳ್ತೀನಿ, ಇಲ್ಲಿನ ಅಂಗಡಿಗಳಲ್ಲಿ ನಾನು ಒಂದನ್ನೂ ಕಂಡಿಲ್ಲ. ನಾನು ಹೊರದೇಶದಿಂದ ಹಳೇದು ತರಿಸಿಕೊಂಡೆ. ಹತ್ತು ತಂತಿ, ಮೂರು ಪೆಡಲ್, ನಾಲ್ಕು ಮಂಡಿ ಲಿವರ್. ತರಿಸಿದ ಖರ್ಚು ಹೆಂಡತಿಗೆ ಇನ್ನೂ ಪೂರ್ತಿ ಹೇಳಿಲ್ಲ, ಅದಕ್ಕೇ ಇಲ್ಲೂ ಬರೆಯಲ್ಲ.

ಪೆಟ್ಟಿಗೆ ಬಂದ ದಿನ ಒಂದು ಮೂಲೆ ಜಜ್ಜಿಹೋಗಿತ್ತು. ತೆಗೆದು ನೋಡಿದರೆ ಹೊಟ್ಟೆಯೊಳಗಿನ ಎರಡು ಕಡ್ಡಿ ಬಗ್ಗಿವೆ. ಸಾಗಿಸಿದ ಕಂಪನಿಯವರಿಗೆ ಫೋಟೋ ಕಳಿಸಿದೆ. "ಪೆಟ್ಟಿಗೆ ಮೇಲೆ ನಾಜೂಕು ಅಂತ ಬರೆದಿಲ್ಲ" ಅಂದರು. ನಾಲ್ಕು ಕಡೆ ಕೆಂಪಕ್ಷರದಲ್ಲಿ ಬರೆದಿತ್ತು!

ಕೊನೆಗೆ ನಮ್ಮ ಬೀದಿಯಲ್ಲಿ ಹೊಲಿಗೆ ಮೆಷಿನ್ ರಿಪೇರಿ ಮಾಡುವ ಹಿರಿಯರೊಬ್ಬರನ್ನು ಕರೆದುಕೊಂಡು ಬಂದೆ. ಅವರು ಗಿಟಾರ್ ಕಡೆ ನೋಡಲೇ ಇಲ್ಲ. ನೇರ ನೆಲದ ಮೇಲೆ ಮಲಗಿ ಕೆಳಗಿನಿಂದ ನೋಡಿದರು. ಪೆಡಲ್ ಒಂದು ಸಲ ಕೈಯಲ್ಲಿ ಒತ್ತಿದರು. ಮೇಲೆ ತಂತಿಯ ತುದಿ ಅಲ್ಲಾಡೋದನ್ನು ನನ್ನ ಹತ್ತಿರ ಕೇಳಿ ತಿಳಕೊಂಡರು. "ಓ, ಇದೂ ತುಳಿಯೋ ಮೆಷಿನ್ನೇ" ಅಂದರು. ಅರ್ಧ ಗಂಟೆಯಲ್ಲಿ ಕಡ್ಡಿ ನೆಟ್ಟಗಾಯಿತು. ಎಣ್ಣೆ ಬಿಟ್ಟರು. ನೂರೈವತ್ತು ರೂಪಾಯಿ ತಗೊಂಡರು.

ಕಲಿಯೋದು: ಗುರು ಇಲ್ಲ, ವಿಡಿಯೋ ನೋಡಿಯೇ. ಮೂರನೇ ತಂತಿ ಬಹಳ ತೆಳು, ಅದನ್ನೇ ಪೆಡಲ್ ಎಳೆಯೋದು, ಹಾಗಾಗಿ ಟಪ್ ಅಂತ ಹರಿಯುತ್ತಲೇ ಇರುತ್ತದೆ. ಅದೊಂದನ್ನು ಡಜನ್ ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು. ಮೊದಲ ಆರು ತಿಂಗಳು ಕಾಲು ನೆನಪಾದರೆ ಕೈ ಮರೆಯುತ್ತದೆ, ಕೈ ನೆನಪಾದರೆ ಮಂಡಿ ಮರೆಯುತ್ತದೆ. ಮೊದಲು ಒಂದು ಸಾದಾ ಗಿಟಾರಿನ ತಂತಿ ಎತ್ತರಿಸಿ, ತೊಡೆ ಮೇಲಿಟ್ಟು ಸರಳು ಜಾರಿಸಿ ನೋಡು. ಆ ಸದ್ದು ನಿನಗೆ ನಿಜವಾಗಿ ಬೇಕಾ ಅಂತ ಗೊತ್ತಾಗುತ್ತೆ.

ಸಂಜೆರಾಗ

ಇವತ್ತು ಹೆಡ್‌ಫೋನ್ ಹಾಕಿ ಮತ್ತೆ ಕೂತೆ. ಹತ್ತು ಸಲವಾದರೂ ಕೇಳಿರಬೇಕು. ಈಗ ಬಲಗಾಲನ್ನೂ ಹುಡುಕ್ತಿದ್ದೀನಿ.

ಎರಡನೇ ಚರಣದ ಕೊನೆಯಲ್ಲಿ ಕಾನಿ ಸ್ಮಿತ್ ಸಾಲು ಮುಗಿಸುತ್ತಾರೆ. ಅವರ ಗಂಟಲು ಎಂಥದ್ದು ಅಂದರೆ, ಮೈಕ್ ಇಲ್ಲದಿದ್ದರೂ ಕೊನೇ ಸಾಲಿನವರಿಗೆ ಕೇಳುತ್ತೆ. ಆ ಧ್ವನಿ ನಿಂತ ಜಾಗದಲ್ಲಿ ಸ್ಟೀಲ್ ಇದ್ದಕ್ಕಿದ್ದಂತೆ ಬರಲ್ಲ. ಎಲ್ಲಿಂದಲೋ ಮೆಲ್ಲಗೆ ತುಂಬಿಕೊಳ್ಳುತ್ತದೆ. ತಂತಿ ಮೀಟಿದ ಟಣ್ ಅನ್ನೋ ಸದ್ದೇ ಕೇಳಲ್ಲ. ಅದು ಬಲಗಾಲು, ಅಲ್ವಾ? ಪೆಡಲ್ ಮುಚ್ಚಿಟ್ಟುಕೊಂಡು ಮೀಟಿ, ಆಮೇಲೆ ತೆರೆಯೋದು. ಮೀಟಿದ ತಂತಿ ಸಾಯ್ತಾ ಹೋಗುತ್ತೆ, ಕಾಲು ಅದನ್ನು ಎತ್ತಿ ಹಿಡಿಯುತ್ತೆ. ಪಿಟೀಲಿಗೆ ಕಮಾನು ಇದ್ದ ಹಾಗೆ.

ಇನ್ನೊಂದು: ಅವರು ಹಾಡುವಾಗ ಮೈರಿಕ್ ಹೆಚ್ಚು ಕಡಿಮೆ ಸುಮ್ಮನಿರುತ್ತಾರೆ. ಅವರು ಉಸಿರು ತಗೊಳ್ಳುವಾಗ ಇವರು. ಇಪ್ಪತ್ತು ವರ್ಷದಿಂದ ಅದೇ ಹಾಡಿಗೆ ಇಬ್ಬರೂ ಜೊತೆಯಲ್ಲಿ ಇದ್ದವರು, ಒಬ್ಬರ ಉಸಿರು ಇನ್ನೊಬ್ಬರಿಗೆ ಗೊತ್ತು.

ವೀಣೆ_ಅಕ್ಕ

@ಸಂಜೆರಾಗ ಬಲಗಾಲೇ. ಪಕ್ಕವಾದ್ಯ ಅಂದರೆ ಅದೇ. ಎಷ್ಟೋ ಕಚೇರಿಯಲ್ಲಿ ಪಿಟೀಲು ನುಡಿಸುವವರು ಹಾಡುಗಾರರ ಮೇಲೇ ನುಡಿಸಿ ಕೊಂದುಬಿಡ್ತಾರೆ.

ಒಂದು ಮಾತು ಯಾರೂ ಹೇಳಲಿಲ್ಲ. ಟಿವಿಯಲ್ಲಿ ಸ್ಟೀಲ್ ನುಡಿಸಿ ಮನೆಮನೆಗೆ ಗೊತ್ತಾದ ಹೆಣ್ಣುಮಗಳು ಬಾರ್ಬರಾ ಮ್ಯಾಂಡ್ರೆಲ್. ಹನ್ನೊಂದು ಹನ್ನೆರಡು ವಯಸ್ಸಿಗೇ ಜನರ ಮುಂದೆ ಪೆಡಲ್ ಸ್ಟೀಲ್ ನುಡಿಸ್ತಿದ್ದರು. 1980ರಿಂದ 82ರವರೆಗೆ ಎನ್‌ಬಿಸಿ ಚಾನೆಲ್‌ನಲ್ಲಿ ತಂಗಿಯರ ಜೊತೆ ಅವರದೇ ಕಾರ್ಯಕ್ರಮ ಇತ್ತು. ಥಳಥಳ ಉಡುಪು, ಕುಣಿತ, ತಮಾಷೆ, ನಡುವೆ ಬಂದು ಸ್ಟೀಲ್ ಮುಂದೆ ಕೂತು ನುಡಿಸೋದು. ಹಾಡುವ ಹೆಂಗಸಿನ ಹಿಂದೆ ನುಡಿಸುವ ಗಂಡಸು ಅನ್ನೋ ಚಿತ್ರವನ್ನೇ ನೋಡಿ ನೋಡಿ, ಅದು ನೋಡಿದಾಗ ನನಗೆ ಬಹಳ ಖುಷಿಯಾಯ್ತು.

ಕೊಂಕುಮಾತು

ನಾನೂ ಸ್ವಲ್ಪ ಹುಡುಕಿದೆ, ಒಪ್ಪಿಕೊಳ್ಳೋಕೆ ನಾಚಿಕೆ. ಬಕ್ ಓವೆನ್ಸ್ ಅವರ 'ಟುಗೆದರ್ ಅಗೇನ್', 1964. ನುಡಿಸಿದ್ದು ಟಾಮ್ ಬ್ರಂಲಿ. ಇದು ರೆಕಾರ್ಡಿನ ಹಿಂದಿನ ಮುಖದಲ್ಲಿದ್ದ ಹಾಡಂತೆ, ಮುಂದಿನ ಮುಖದ ಹಾಡೂ ಮೊದಲ ಸ್ಥಾನಕ್ಕೆ ಹೋಯಿತು, ಇದೂ ಹೋಯಿತು. ನಡುವೆ ಬರೋ ಸ್ಟೀಲ್ ಬಹಳ ನಿಧಾನ. ಅವಸರವೇ ಇಲ್ಲ. ಮತ್ತೆ ಸೇರಿದ್ದೀವಿ ಅಂತ ಮಾತು ಸಂತೋಷದ್ದು, ವಾದ್ಯ ಮಾತ್ರ ಅಳ್ತಿದೆ. ಯಾರು ನಿಜ ಹೇಳ್ತಿದ್ದಾರೆ ಅಂತ ಗೊತ್ತಾಗಲಿಲ್ಲ.

ಬೆಕ್ಕು ಒಳಗೆ ಬಂತು. ಸಂಜೆರಾಗ ಗೆದ್ದಿರಿ.

ಟೆನೆಸ್ಸಿ_ಕಾವೇರಿ

ಹೋದ ವರ್ಷ ಆಪ್ರಿಗೆ ಹೋದಾಗ ನಮಗೆ ಸಿಕ್ಕಿದ್ದು ಪಕ್ಕದ ಮೇಲಿನ ಸೀಟು, ಕಂಬದ ಹತ್ತಿರ. ಗಂಡ ಗೊಣಗಿದರು. ಆದರೆ ಅಲ್ಲಿಂದ ಸ್ಟೀಲ್ ನುಡಿಸುವವರ ಪಕ್ಕಬದಿ ಕಾಣುತ್ತಿತ್ತು. ಪಾದ ಪೂರ್ತಿ ಎತ್ತಿ ಇಡಲ್ಲ ಅವರು. ಬೂಟಿನ ತುದಿ ಒಂದು ಪೆಡಲ್ ಮೇಲಿಂದ ಪಕ್ಕಕ್ಕೆ ವಾಲುತ್ತದೆ ಅಷ್ಟೇ, ಒಮ್ಮೆ ಎರಡನ್ನೂ ಒಟ್ಟಿಗೆ ಒತ್ತುತ್ತದೆ. ಮಂಡಿ ಹೀಗೆ, ಹೀಗೆ. ಬಸ್ಸಲ್ಲಿ ಪಕ್ಕದವರಿಗೆ ಜಾಗ ಬಿಡುವಷ್ಟು, ಅದಕ್ಕಿಂತ ಜಾಸ್ತಿ ಇಲ್ಲ. ಇಷ್ಟು ದೊಡ್ಡ ಪರದೆ ಹಾಕಿದ್ದರು, ಅದರಲ್ಲಿ ಆಗಲೂ ಹಾಡುವವರ ಮುಖವೇ.

ಖಣದಮಗ್ಗ

ನಿನ್ನೆ ಊರಿಗೆ ಹೋಗಿದ್ದೆ. ಅಪ್ಪನಿಗೆ ಆ ತುಣುಕು ತೋರಿಸಿದೆ. ಹಾಡು ಅವರಿಗೆ ತಿಳಿಯಲಿಲ್ಲ, ಕಿವಿಯೂ ಈಗ ಅಷ್ಟಕ್ಕಷ್ಟೇ. ಪೂರ್ತಿ ನೋಡಿದರು. ಮೊಬೈಲ್ ವಾಪಸ್ ಕೊಟ್ಟು, "ಕೆಳಗ ಏನ್ ನಡದೈತಿ ತೋರ್ಸಂಗಿಲ್ಲೇನು?" ಅಂದರು.

ಹತ್ತುತಂತಿ

@ಖಣದಮಗ್ಗ ಅಪ್ಪನಿಗೆ ನಾನು ತೋರಿಸ್ತೀನಿ.

ಇವತ್ತು ಬೆಳಿಗ್ಗೆ ಮೊಬೈಲನ್ನು ಎರಡು ಇಟ್ಟಿಗೆ ನಡುವೆ ಸಿಕ್ಕಿಸಿ ನೆಲದ ಮೇಲಿಟ್ಟೆ. ಚಪ್ಪಲಿ ಇಲ್ಲ, ಬರಿಗಾಲು. ಆ ಹಾಡಿನ ಆರಂಭದ ಸಾಲನ್ನು ನಿಧಾನಕ್ಕೆ ನುಡಿಸಿದ್ದೇನೆ. ಕೈ ಬಂದಿಲ್ಲ, ಪೆಡಲ್, ಮಂಡಿ, ಕೆಳಗಿನ ಸರಳುಗಳು ಮಾತ್ರ ಕಾಣುತ್ತವೆ. ಒಂದೂವರೆ ನಿಮಿಷ. ನಡುವೆ ನಮ್ಮನೆ ನಾಯಿ ಬಂದು ಮೂಸುತ್ತದೆ, ಕ್ಷಮಿಸಿ. ನಿಮಗೆ ಕಳಿಸಿದ್ದೇನೆ.

ಖಣದಮಗ್ಗ

ತೋರಿಸಿದೆ. ಮೂರು ಸಲ ನೋಡಿದರು, ಕನ್ನಡಕ ಒರೆಸಿಕೊಂಡು. ಧ್ವನಿ ಇಟ್ಟಿರಲಿಲ್ಲ, ಮನೆಯಲ್ಲಿ ಮೊಮ್ಮಗು ಮಲಗಿತ್ತು.

ನೀವು ಬೇಜಾರು ಮಾಡಿಕೊಳ್ಳಬೇಡಿ, ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ನಾಯಿ ಬರೂದಕ್ಕಿಂತ ಮುಂಚೆ ಎರಡು ಸಲ ಎಡಗಾಲು ತಡಾ ಆಗೈತಿ. ಹಿಮ್ಮಡಿ ಎತ್ತತಾನ, ಅದಕ್ಕ."

ಹತ್ತುತಂತಿ

ಧ್ವನಿ ಹಾಕಿ ಕೇಳಿದೆ. ಎರಡು ಸಲ. ಅಲ್ಲೇ.

ಹಿಮ್ಮಡಿ ನೆಲಕ್ಕೆ ಊರಿ ಸಂಜೆಯಿಂದ ಕೂತಿದ್ದೇನೆ. ಮೂರನೇ ತಂತಿ ಒಂದು ಹೋಯ್ತು. ನಾಳೆ ಇನ್ನೊಂದು ವಿಡಿಯೋ ಕಳಿಸ್ತೀನಿ, ಅಪ್ಪನಿಗೆ ಬಿಡುವಿದ್ದಾಗ ತೋರಿಸಿ.